ನಾರಾಯಣಮ್ಮನವರ ಮುಂದೆ ಹೊತ್ತಿದ ಕೆಂಪು ದೀಪ

ರೇಡಿಯೋದಲ್ಲಿ ಹದಿನೇಳು ಸೆಕೆಂಡು ಸದ್ದೇ ಇಲ್ಲ ಅಂದರೆ ಅದೆಷ್ಟು ದೊಡ್ಡ ಹೊತ್ತು ಗೊತ್ತಾ ನಿಮಗೆ? ಗಡಿಯಾರ ನೋಡುತ್ತಾ ಹದಿನೇಳು ಎಣಿಸಿ ನೋಡಿ. ಹತ್ತಕ್ಕೇ ಬೇಜಾರಾಗುತ್ತದೆ. ಹನ್ನೆರಡಕ್ಕೆ ಕೇಳುಗ ಮೊಬೈಲ್ ಅಲ್ಲಾಡಿಸಿ ನೋಡುತ್ತಾನೆ. ಹದಿನೈದಕ್ಕೆ ಬೇರೆ ಏನೋ ಹಾಕಿಕೊಳ್ಳುತ್ತಾನೆ.

ಆವತ್ತು ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಮ್ಮ ವೆಬ್ ರೇಡಿಯೋದಲ್ಲಿ ಹದಿನೇಳು ಸೆಕೆಂಡು ಏನೂ ಬರಲಿಲ್ಲ. ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಅದಾದ ಮೇಲೆ ಬಾಗಿಲ ಸದ್ದು. ಅತಿಥಿ ಎದ್ದು ಹೊರಟೇಹೋಗಿದ್ದರು!

ಯಾಕೆ ಹೋದರು? ನನ್ನಿಂದ. ಸರಿಯಾಗಿ ಹೇಳಬೇಕೆಂದರೆ, ನಾನು ಮೂರು ತಿಂಗಳು ಕೂತು ಮಾಡಿದ ಒಂದು ಲೈಟಿನಿಂದ.

ಈ ಅಂಕಣ ಓದುವವರಿಗೆ ನನ್ನ ಹುಚ್ಚುಗಳು ಹೊಸತಲ್ಲ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು ನಾನು. ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಗಿಂತ ಸಾಲ್ಡರಿಂಗ್ ಐರನ್ ಹೆಚ್ಚು ಬಿಸಿಯಾಗುತ್ತದೆ (ನನ್ನ ಸೀರೆ ನೋಡಿದವರಿಗೆ ಇದು ಗೊತ್ತು). ನಾವೊಂದು ಏಳೆಂಟು ಜನ ಸೇರಿ ಕೋಲಾರದಲ್ಲಿ ಒಂದು ವೆಬ್ ರೇಡಿಯೋ ನಡೆಸುತ್ತೇವೆ. ವಾರಕ್ಕೆ ಎರಡೇ ದಿನ. ಟವರ್ ಇಲ್ಲ, ಲೈಸೆನ್ಸಿನ ಗೋಜಿಲ್ಲ, ಇಂಟರ್ನೆಟ್ ಇದ್ದವರು ಕೇಳುತ್ತಾರೆ. ವೇಮಗಲ್‌ನಲ್ಲಿ ಶಿಫ್ಟ್ ಮುಗಿಸಿ ಬಸ್ಸಿಗೆ ನಿಂತವರು ಕೇಳುತ್ತಾರೆ, ಶ್ರೀನಿವಾಸಪುರದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುವವರು ಕೇಳುತ್ತಾರೆ. ನಮಗೆ ಅಷ್ಟು ಸಾಕು.

ಸ್ಟುಡಿಯೋ ಎಲ್ಲಿದೆ ಗೊತ್ತಾ? ಒಂದು ಫ್ಲೋರ್ ಮಿಲ್ಲಿನ ಮಹಡಿ ಮೇಲೆ! ಹಿಟ್ಟಿನ ಮಿಲ್ಲಿನ ಮೇಲೆ ರೇಡಿಯೋ ಸ್ಟುಡಿಯೋ ಮಾಡುವವರಿಗೆ ತಲೆ ಸರಿಯಿದೆಯಾ ಅಂತ ನೀವು ಕೇಳಬಹುದು. ಮಿಲ್ಲಿನ ಗೋಪಾಲಪ್ಪನವರು ನಮಗೆ ಪ್ರೀತಿಯಿಂದ ಬಿಟ್ಟುಕೊಟ್ಟಿದ್ದು ಆ ರೂಮೇ, ಏನು ಮಾಡೋಣ?

ಮೊದಲು ನಮ್ಮ ವ್ಯವಸ್ಥೆ ಹೇಗಿತ್ತೆಂದರೆ, ಮೈಕ್ ಆನ್ ಮಾಡುವ ಮುಂಚೆ ಶಬಾನಾ ಕಿಟಕಿಯಿಂದ ಬಗ್ಗಿ, "ಗೋಪಾಲಣ್ಣಾ, ಶುರು!" ಅಂತ ಕೂಗಬೇಕು. (ಶಬಾನಾ ಮಾಲೂರಿನಲ್ಲಿ ಸ್ಕೂಲ್ ಟೀಚರ್. ಭಾನುವಾರದ ಕಾರ್ಯಕ್ರಮ ಅವಳದೇ.) ಅವರಿಗೆ ಕೇಳಿಸಿದರೆ ಮೋಟರ್ ಆಫ್. ಕೇಳಿಸದಿದ್ದರೆ ಮುಳಬಾಗಿಲಿನಿಂದ ಬಂದ ಹಾಡುಗಾರ್ತಿಯ ಹಿಂದೆ ಯಾರದೋ ರಾಗಿ ಬೀಸುತ್ತಿರುತ್ತದೆ. ಒಬ್ಬ ಕೇಳುಗರು "ಹಿಮ್ಮೇಳ ಚೆನ್ನಾಗಿತ್ತು" ಅಂತ ಮೆಸೇಜ್ ಕೂಡ ಹಾಕಿದ್ದರು.

ನನಗೆ ಸುಮ್ಮನಿರಲಾಗಲಿಲ್ಲ. ಬೆರಳುದ್ದದ ವೈಫೈ ಬೋರ್ಡುಗಳನ್ನು ತರಿಸಿದೆ. ಒಂದೊಂದಕ್ಕೂ ಎಲ್‌ಇಡಿ ಪಟ್ಟಿ ಬೆಸೆದು, ಮುಂದೆ ಬಿಳಿ ಅಕ್ರಿಲಿಕ್ ಹಾಳೆ ಕೂರಿಸಿ ಐದು ಡಬ್ಬಿ ಮಾಡಿದೆ. ಒಂದು ಸ್ಟುಡಿಯೋ ಬಾಗಿಲ ಮೇಲೆ, ಒಂದು ಮೆಟ್ಟಿಲ ಬುಡದಲ್ಲಿ, ಒಂದು ಕೆಳಗೆ ಮಿಲ್ಲಿನ ಮೋಟರ್ ಸ್ವಿಚ್ಚಿನ ಪಕ್ಕ, ಒಂದು ಶಬಾನಾ ಎದುರು, ಒಂದು ಅತಿಥಿಯ ಎದುರು. ಯಾವುದೇ ಮೈಕಿನ ಬಟನ್ ಒತ್ತಿದರೂ ಸಾಕು, ವೈಫೈನಲ್ಲೇ ಸುದ್ದಿ ಹೋಗಿ ಐದೂ ಒಟ್ಟಿಗೆ ಕೆಂಪಾಗುತ್ತವೆ. ಅಂದರೆ ಮಾತು ಪ್ರಸಾರವಾಗುತ್ತಿದೆ, ಸದ್ದು ಮಾಡಬೇಡಿ. ಒಳಗಿನ ಎರಡು ಡಬ್ಬಿಗಳಲ್ಲಿ ಪುಟ್ಟ ಡಿಸ್‌ಪ್ಲೇ ಬೇರೆ, ಇನ್ನೆಷ್ಟು ನಿಮಿಷ ಉಳಿದಿದೆ ಎಂದು ತೋರಿಸಲು.

ಅಷ್ಟಕ್ಕೇ ಬಿಟ್ಟೆನಾ? ಇಲ್ಲ. ಇನ್ನೊಂದು ಕರಾಮತ್ತು ಸೇರಿಸಿದೆ. ಹತ್ತು ಸೆಕೆಂಡು ಯಾರ ಮಾತೂ ಬರದಿದ್ದರೆ ಐದೂ ಡಬ್ಬಿಗಳು ಪಟಪಟನೆ ಮಿನುಗಬೇಕು. ಏನೋ ಕೆಟ್ಟಿದೆ, ಯಾರಾದರೂ ಬಂದು ನೋಡಿ ಅಂತ. ಮೊದಲ ದಿನ ಎಲ್ಲವೂ ಗಡಿಯಾರದಂತೆ ನಡೆಯಿತು. "ಏನ್ ಮೇಡಂ, ರೋಡಿಗಿಲ್ಲದ ಸಿಗ್ನಲ್ಲು ನಮ್ ಮಿಲ್ಲಿಗೆ ಬಂತಲ್ಲ!" ಅಂದರು ಗೋಪಾಲಪ್ಪ. ಒಂದು ವಾರ ನಾನು ನೆಲದ ಮೇಲೆ ಕಾಲಿಡಲಿಲ್ಲ.

ಇಂಥ ಸ್ಟುಡಿಯೋಗೆ ಬಂದವರು ನಾರಾಯಣಮ್ಮನವರು.

ವಕ್ಕಲೇರಿಯಿಂದ ಇನ್ನೂ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿ ಅವರದು. ಅರವತ್ತರ ಹತ್ತಿರದ ವಯಸ್ಸು. ಸುತ್ತಮುತ್ತಲ ಊರುಗಳಲ್ಲಿ ಯಾರ ಹಸುವಿಗೆ ಕೆಚ್ಚಲು ಬಾವು ಬಂದಂತೆ ಅನುಮಾನವಾದರೂ ಮೊದಲು ಕರೆಯುವುದು ಅವರನ್ನೇ. ರೋಗ ಬಲಿಯುವ ಮುಂಚೆಯೇ ಗುರುತು ಹಿಡಿದು, ಡಾಕ್ಟರಿಗೆ ಫೋನ್ ಮಾಡಿಸಿ, ಹಸು ಉಳಿಸುತ್ತಾರೆ. ಅದನ್ನು ಎಲ್ಲರಿಗೂ ಹೇಳಿಕೊಡಿ ಅಂತ ಶಬಾನಾ ದುಂಬಾಲು ಬಿದ್ದಿದ್ದಳು. ಒಪ್ಪಿಸುವುದಕ್ಕೆ ಒಂದು ತಿಂಗಳು ಹಿಡಿಯಿತಂತೆ.

ಆವತ್ತು ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು ಬಂದಿದ್ದರು. "ಸೊಸೆ ಫೋನಲ್ಲಿ ಹಾಕ್ಕೊಂಡು ಕೂತವಳೆ ಮೇಡಂ. ಬೀದಿಯೋರ್ನೆಲ್ಲ ಜಗಲಿಗೆ ಕರೆದವಳೆ," ಅಂದರು. ಮುಖದಲ್ಲಿ ಹೆದರಿಕೆಯಿಲ್ಲ. ಮೈಕ್ ಆನ್ ಆಗುವ ಮುಂಚೆ ಹತ್ತು ನಿಮಿಷ ಬಿಡದೆ ಮಾತಾಡಿದರು. ಶಬಾನಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಇವತ್ತು ಹಬ್ಬ ಅಂತ ಅರ್ಥ.

ಶಬಾನಾಗೆ ಆವತ್ತು ನೆಗಡಿ. ಪರಿಚಯ ಹೇಳಿ ಮುಗಿಸಿ ತನ್ನ ಮೈಕ್ ಆಫ್ ಮಾಡಿಕೊಂಡಳು, ಕೆಮ್ಮು ಕೇಳಿಸದಿರಲಿ ಅಂತ. ಅತಿಥಿಯ ಮೈಕ್ ಆನ್ ಇತ್ತು. "ನನ್ನ ಹೆಸರು ನಾರಾಯಣಮ್ಮ. ನಲವತ್ತು ವರ್ಷದಿಂದ ಹಸು ಸಾಕ್ಕೊಂಡಿವ್ನಿ," ಅಂದರು ಅವರು. ಅಷ್ಟರಲ್ಲಿ ಕಣ್ಣು ಎದುರಿಗಿದ್ದ ಡಬ್ಬಿಯ ಮೇಲೆ ಬಿತ್ತು. ಕೆಂಪು.

ಮಾತು ನಿಂತಿತು. ಶಬಾನಾ ಹೇಳಿ, ಹೇಳಿ ಅಂತ ಕೈಸನ್ನೆ ಮಾಡಿದಳು. ಅವರು ಅವಳನ್ನು ನೋಡಲೇ ಇಲ್ಲ. ಹತ್ತು ಸೆಕೆಂಡಾಯಿತು. ನನ್ನ ಕರಾಮತ್ತು ತನ್ನ ಕೆಲಸ ಮಾಡಿತು, ಡಬ್ಬಿ ಪಟಪಟನೆ ಮಿನುಗತೊಡಗಿತು! ನಾರಾಯಣಮ್ಮನವರು ಸೆರಗು ಹೊದ್ದುಕೊಂಡರು. ಎದ್ದರು. ಹೋದರು.

ನಾನು ಹಿಂದೆಯೇ ಓಡಿದೆ. ವೆಬ್ ರೇಡಿಯೋದ ಒಂದು ಗುಣವೆಂದರೆ, ಇಲ್ಲಿ ಆಡಿದ ಮಾತು ಕೇಳುಗರ ಫೋನಿಗೆ ತಲುಪುವುದು ಅರ್ಧ ನಿಮಿಷ ತಡವಾಗಿ. ಅವರು ಮೆಟ್ಟಿಲಿಳಿದು ಮಿಲ್ಲಿನ ಮುಂದೆ ಬರುವುದಕ್ಕೂ, ಗೋಪಾಲಪ್ಪನವರ ಫೋನಿನಲ್ಲಿ "ನನ್ನ ಹೆಸರು ನಾರಾಯಣಮ್ಮ" ಅಂತ ಅವರದೇ ದನಿ ಬರುವುದಕ್ಕೂ ಸರಿಹೋಯಿತು. ಹಸು ಸಾಕಿದ್ದು ಹೇಳಿತು ಆ ದನಿ. ಆಮೇಲೆ ಏನೂ ಇಲ್ಲ. ಹಿಟ್ಟು ಹಾಕಿಸಲು ಬಂದಿದ್ದ ನಾಲ್ಕು ಜನ ಆ ಫೋನನ್ನೇ ನೋಡುತ್ತಿದ್ದರು. ಇವರೂ ನಿಂತು ಅದನ್ನೇ ಕೇಳಿಸಿಕೊಂಡರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಯಾಕ್ ಮೇಡಂ, ನನ್ನ ಮಾತೂ ಕೆಟ್ಟೋಯ್ತಾ?"

ನನಗೆ ಅರ್ಥವಾಗಲಿಲ್ಲ. "ಇಲ್ಲಮ್ಮ, ಕೆಂಪು ಬಂದ್ರೆ ನಿಮ್ಮ ಮಾತು ಎಲ್ಲರಿಗೂ ಕೇಳಿಸ್ತಾ ಇದೆ ಅಂತ" ಎಂದೆ.

"ನಮ್ಮೂರ ಡೇರೀಲಿ ಕೆಂಪು ಬಂದ್ರೆ ಹಾಲು ವಾಪಸ್ಸು ಅಂತ," ಅಂದರು. "ಪೋನೀ, ಹೋಗ್ಲಿ ಬಿಡಿ ಮೇಡಂ. ನಿಮ್ದೇನೂ ತಪ್ಪಿಲ್ಲ." ಬಸ್ ಹಿಡಿದು ಹೋಗಿಬಿಟ್ಟರು.

ನನಗೆ ಕೋಪ ಬಂತು. ಯಾರ ಮೇಲೆ ಅಂತ ಕೇಳಬೇಡಿ. ಹಾಡು ಹಾಕಿ ಹೊರಗೆ ಬಂದ ಶಬಾನಾಗೆ ಹೇಳಿದೆ: "ನೋಡು, ಸ್ಟುಡಿಯೋದಲ್ಲಿ ಕೆಂಪು ಲೈಟು ಅನ್ನೋದು ಪ್ರಪಂಚಕ್ಕೇ ಸ್ಟ್ಯಾಂಡರ್ಡು. ನಾನೇನು ಹೊಸದಾಗಿ ಕಂಡುಹಿಡಿದಿದ್ದಲ್ಲ."

ಅವಳು ಮೂಗು ಒರೆಸಿಕೊಂಡು, "ಸ್ಟ್ಯಾಂಡರ್ಡ್ ಅಂತೆ ಸ್ಟ್ಯಾಂಡರ್ಡು!" ಅಂದಳು. "ಆಯಮ್ಮ ಬೀದಿಯೋರ್ಗೆಲ್ಲ ಹೇಳಿ ಬಂದಿದ್ರು. ಈಗ ವಾಪಸ್ ಹೋಗಿ ಅವ್ರ ಮುಂದೆ ಏನಂತ ಹೇಳ್ಕೋತಾರೆ? ಅದನ್ನ ಹೇಳಿ ಮೊದ್ಲು."

ಎರಡು ದಿನ ಬಿಟ್ಟು ಬೆಳಗ್ಗೆ ಆರು ಗಂಟೆಗೇ ಸ್ಕೂಟರ್ ಹತ್ತಿ ಆ ಊರಿಗೆ ಹೊರಟೆ. ಕ್ಷಮೆ ಕೇಳುವುದಕ್ಕಾ? ಅದಕ್ಕೂ ಹೌದು. ಆ ಲೈಟು ನೋಡಬೇಕಿತ್ತು, ಅದಕ್ಕೂ ಹೌದು.

ಡೇರಿ ಮುಂದೆ ಕ್ಯೂ ಇತ್ತು. ಸ್ಟೀಲ್ ಕ್ಯಾನು ಹಿಡಿದ ಹೆಂಗಸರೇ ಹೆಚ್ಚು. ಕಿಟಕಿಯಲ್ಲಿ ಕ್ಯಾನು ಕೊಟ್ಟರೆ ಸೆಕ್ರೆಟರಿ ಒಂದಿಷ್ಟು ಹಾಲು ತೆಗೆದು ಮೆಷಿನ್ನಿಗೆ ಹಿಡಿಯುತ್ತಾರೆ. ಸರಿಯಿದ್ದರೆ ಚೀಟಿ ಬರುತ್ತದೆ. ಸರಿಯಿಲ್ಲದಿದ್ದರೆ ಕಿಟಕಿಯ ಮೇಲಿರುವ ಬಲ್ಬು ಕೆಂಪಗೆ ಹೊತ್ತಿಕೊಳ್ಳುತ್ತದೆ. ಬಲ್ಬಿನ ಮುಖ ಕ್ಯೂ ಕಡೆಗೆ.

ನಾನು ನಿಂತಿದ್ದಾಗಲೇ ಒಬ್ಬಳಿಗೆ ಹೊತ್ತಿತು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಅವಳನ್ನು ಒಂದು ಸಲ ನೋಡಿದರು, ಅಷ್ಟೇ. ಅವಳು ಕ್ಯಾನಿನ ಮೇಲೆ ಸೆರಗು ಮುಚ್ಚಿಕೊಂಡು ತಲೆ ಬಗ್ಗಿಸಿ ಹೋದಳು.

"ನಾನೇ ಹಾಕ್ಸಿದ್ದು ಮೇಡಂ," ಅಂದರು ಸೆಕ್ರೆಟರಿ. ನಾನು ಎಲೆಕ್ಟ್ರಾನಿಕ್ಸ್‌ನವಳು ಅಂತ ತಿಳಿದು ಖುಷಿಯಾಗಿದ್ದರು. "ಮೊದ್ಲು ನಾನು ಬಾಯಲ್ಲಿ ಹೇಳ್ಬೇಕಿತ್ತು. ಜಗಳಕ್ಕೆ ಬರೋರು. ಈಗ ಲೈಟೇ ಹೇಳ್ತದೆ. ಲೈಟ್ ಜೊತೆ ಯಾರು ಜಗಳ ಆಡ್ತಾರೆ?" ವೈರಿಂಗ್ ನೀಟಾಗಿತ್ತು. ಮಳೆ ನೀರು ಬೀಳದಂತೆ ಬಲ್ಬಿಗೆ ತಗಡಿನ ಮುಚ್ಚಿಗೆ ಕೂಡ ಮಾಡಿಸಿದ್ದರು. ಅವರು ಹೇಳುತ್ತಿದ್ದ ರೀತಿ ಕೇಳಿ ನನಗೆ ಒಳಗೇ ಕಸಿವಿಸಿಯಾಯಿತು. ಗೋಪಾಲಪ್ಪನವರಿಗೆ ನಾನು ನನ್ನ ಐದು ಡಬ್ಬಿ ತೋರಿಸಿದಾಗ ಹೀಗೇ ಬೀಗಿದ್ದೆ.

ನಾರಾಯಣಮ್ಮನವರ ಮನೆಯಲ್ಲಿ ಕಾಫಿ ಕೊಟ್ಟರು. ಕೊಟ್ಟಿಗೆಯಲ್ಲಿ ಮೂರು ಹಸು. ಕಥೆ ಅಲ್ಲೇ ಗೊತ್ತಾಯಿತು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಅವರ ಹಾಲಿಗೂ ಕೆಂಪು ಹೊತ್ತಿತ್ತು. ನೀರು ಹಾಕಿದ್ದಾಳೆ ಅಂತ ಊರು ತೀರ್ಮಾನ ಮಾಡಿತು. ಹಸುವಿಗೆ ಕೆಚ್ಚಲು ಬಾವು ಶುರುವಾಗಿತ್ತು, ಹಾಲು ಕೆಟ್ಟಿತ್ತು, ಅದು ಅವರಿಗೂ ಗೊತ್ತಾಗಿದ್ದು ನಾಲ್ಕು ದಿನದ ಮೇಲೆ, ಕೆಚ್ಚಲು ಕಲ್ಲಿನಂತಾದಾಗ. ಆ ರೋಗವನ್ನು ಹಟ ಹಿಡಿದು ಕಲಿತಿದ್ದು ಆಮೇಲೆ. ಊರೂರಿನ ಹಸು ನೋಡಿದರು. ಆದರೆ ಆ ಡೇರಿಯ ಕಿಟಕಿಗೆ ಮತ್ತೆ ಹೋಗಲಿಲ್ಲ. ಎರಡು ವರ್ಷದಿಂದ ಹಾಲು ಹಾಕುವುದು ಸೊಸೆ.

"ನೀರು ಹಾಕಿರ್ಲಿಲ್ಲ ಅಂತ ಹೇಳ್ಬೇಕಿತ್ತು ಅಲ್ವಾ ಅಮ್ಮ?" ಅಂದೆ.

"ಯಾರ ಹತ್ರ ಹೇಳ್ಲಿ ಮೇಡಂ? ಕೇಳಿದ್ರೆ ತಾನೆ ಹೇಳೋದು? ಯಾರೂ ಕೇಳ್ಲಿಲ್ಲ. ಲೈಟ್ ನೋಡಿದ್ರು, ಹೋದ್ರು." ಕಾಫಿ ಲೋಟ ತೆಗೆದುಕೊಳ್ಳುತ್ತಾ ಅಂದರು, "ರೇಡಿಯೋದಲ್ಲಾದ್ರೂ ಹೇಳ್ಬೋದು ಅಂದ್ಕೊಂಡಿದ್ದೆ. ಅಲ್ಲೂ ಅದೇ ಲೈಟು ಕೂತಿತ್ತು."

ವಾಪಸ್ಸು ಬರುವಾಗ ಸ್ಕೂಟರ್ ಮೇಲೆ ನನಗೆ ನನ್ನ ಮೇಲೇ ಸಿಟ್ಟು. ಬರೀ ಡೇರಿಯವರನ್ನು ಅಂದರೆ ಹೇಗೆ? ಲ್ಯಾಬ್ ರೆಕಾರ್ಡಿನಲ್ಲಿ ಒಂದು ಸರ್ಕ್ಯೂಟ್ ತಪ್ಪಾದರೆ ಕೆಂಪು ಪೆನ್ನಿನಲ್ಲಿ ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ವಿದ್ಯಾರ್ಥಿಯ ಕಡೆ ತಳ್ಳುವವಳು ನಾನೇ. ಯಾಕೆ ತಪ್ಪಾಯಿತು ಅಂತ ಎಷ್ಟು ಸಲ ಕೇಳಿದ್ದೇನೆ? ಕೇಳುವುದಕ್ಕೆ ಟೈಮ್ ಬೇಕು. ಗೆರೆಗೆ ಒಂದು ಸೆಕೆಂಡು ಸಾಕು. ನಾವೆಲ್ಲ ಲೈಟು, ಟೋಕನ್ನು, ಬೀಪ್ ಸದ್ದು ಅಂತ ಇಷ್ಟೊಂದು ಇಷ್ಟಪಡುವುದು ಅದಕ್ಕೇ ಇರಬೇಕು. ಎದುರಿಗೆ ನಿಂತವರ ಜೊತೆ ಮಾತಾಡುವ ಕೆಲಸ ತಪ್ಪುತ್ತದಲ್ಲ!

ಆದರೂ ನಾನು ನಾನೇ. ಮನೆಗೆ ಬಂದವಳು ಮೊದಲು ಮಾಡಿದ್ದು ಲ್ಯಾಪ್‌ಟಾಪ್ ತೆಗೆದಿದ್ದು. ಕೆಂಪು ತಾನೇ ತೊಂದರೆ? ಎಲ್ಲವನ್ನೂ ಹಸಿರು ಮಾಡಿದರಾಯಿತು! ಕೋಡಿನಲ್ಲಿ ಒಂದೇ ಒಂದು ಸಾಲು. ಸಂಜೆ ಸ್ಟುಡಿಯೋಗೆ ಹೋಗಿ ಮೈಕ್ ಒತ್ತಿದೆ. ಐದು ಡಬ್ಬಿಯೂ ಹಸಿರಾದವು. ತಕ್ಷಣ ಕೆಳಗೆ ಮಿಲ್ಲಿನ ಮೋಟರ್ ಭರ್ರೆಂದು ಶುರುವಾಯಿತು. "ಹಸಿರು ಬಂತಲ್ಲ ಮೇಡಂ, ಬೀಸು ಅಂತಲೇ ಅಲ್ವಾ?" ಅಂದರು ಗೋಪಾಲಪ್ಪ. ಅವರದೇನು ತಪ್ಪು?

ಸರಿ, ಮತ್ತೆ ಕೂತೆ. ನನ್ನ ಡಬ್ಬಿಗಳು ಒಂದಕ್ಕೊಂದು ವೈಫೈನಲ್ಲಿ ಜೋಡಿಸಿಕೊಂಡಿರುವ ಲಾಭ ಇದು. ಸುದ್ದಿ ಒಂದೇ ಹೋದರೂ ಒಬ್ಬೊಬ್ಬರಿಗೆ ಒಂದೊಂದು ಥರ ತೋರಿಸಬಹುದು. ಮಿಲ್ಲಿಗೂ ಬಾಗಿಲಿಗೂ ಮೆಟ್ಟಿಲಿಗೂ ಕೆಂಪು. ಶಬಾನಾಗೂ ಕೆಂಪು, ಜೊತೆಗೆ ನಿಮಿಷದ ಲೆಕ್ಕ. ಅತಿಥಿಯ ಡಬ್ಬಿಗೆ ಬಣ್ಣವೇ ಬೇಡ, ಡಿಸ್‌ಪ್ಲೇ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ "ಹೇಳಿ, ಕೇಳ್ತಾ ಇದ್ದೀವಿ." ಆ ಮಿನುಗುವ ಕರಾಮತ್ತನ್ನು ಅತಿಥಿಯ ಡಬ್ಬಿಯಿಂದ ಕಿತ್ತುಹಾಕಿದೆ. ಒಂದು ವಾರ ಹಿಡಿಯಿತು. ಚೆನ್ನಾಗಿ ಬಂತು. ನಾನೇ ಹೇಳಿಕೊಳ್ಳಬಾರದು, ಆದರೆ ಬಹಳ ಚೆನ್ನಾಗಿ ಬಂತು.

ನಾರಾಯಣಮ್ಮನವರನ್ನು ಇನ್ನೊಂದು ಸಲ ಕರೆಯಲು ಶಬಾನಾ ಮೂರು ಸಲ ಊರಿಗೆ ಹೋಗಬೇಕಾಯಿತು. ಕೊನೆಗೆ ಬಂದರು. ಈ ಸಲ ರೇಷ್ಮೆ ಸೀರೆಯಿಲ್ಲ, ಬೀದಿಯವರಿಗೆ ಹೇಳಿಯೂ ಇಲ್ಲ. ನಾನು ಹೊಸ ಡಿಸ್‌ಪ್ಲೇ ತೋರಿಸಿದೆ. ಅಕ್ಷರ ಕೂಡಿಸಿ ಓದಿದರು. ಚೆನ್ನಾಗೈತೆ ಅಂದರು. ಎರಡೂ ಕೈಯಲ್ಲಿ ಡಬ್ಬಿ ಎತ್ತಿ ಶಬಾನಾ ಕಡೆ ತಿರುಗಿಸಿ ಇಟ್ಟರು.

"ಇದನ್ನ ಆಯಮ್ಮನೇ ನೋಡ್ಕೊಳ್ಲಿ. ಕೇಳ್ತಾವ್ರೋ ಇಲ್ವೋ ಅವ್ರ ಮುಖ ನೋಡಿದ್ರೆ ನಂಗೆ ಗೊತ್ತಾಗಲ್ವಾ?"

ಒಂದು ವಾರದ ಕೋಡು, ಸ್ವಾಮಿ! ನಾನು ಬಾಯಿ ಮುಚ್ಚಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತೆ.

ಮೈಕ್ ಆನ್ ಆಯಿತು. ಕೆಳಗೆ ಮೋಟರ್ ನಿಂತಿತು. ಅವರು ಶಬಾನಾ ಮುಖ ನೋಡಿಕೊಂಡು ಶುರು ಮಾಡಿದರು. "ನೋಡಮ್ಮ, ಹಾಲು ಕರೆಯೋ ಮುಂಚೆ ಒಂದು ಕರೀ ಬಟ್ಟೆ ಮೇಲೆ ಒಂದೊಂದು ತೊಟ್ಟಿಂದ ಎರಡೆರಡು ಧಾರೆ ಹಿಂಡ್ಕೋಬೇಕು. ಹಾಲು ಒಡೆದಂಗೆ ಚೂರು ಕಾಣಿಸ್ತೋ, ಆ ತೊಟ್ಟಿನ ಹಾಲು ಕ್ಯಾನಿಗೆ ಸೇರಿಸ್ಬಾರ್ದು. ಡಾಕ್ಟ್ರಿಗೆ ಅವತ್ತೇ ಫೋನ್ ಮಾಡ್ಬೇಕು, ನಾಳೆ ಅನ್ಬಾರ್ದು. ನಾನು ತಡವಾಗಿ ನೋಡಿದ್ದಕ್ಕೆ ಒಂದು ಹಸು ಕಳ್ಕೊಂಡೆ."

ಶಬಾನಾ ತಲೆಯಾಡಿಸಿದಳು. ಅವರು ದನಿ ಏರಿಸದೆ ಮುಂದಿನ ಮಾತು ಹೇಳಿದರು.

"ಆ ಹಸು ಹಾಲನ್ನೇ ಡೇರೀಲಿ ವಾಪಸ್ ಕೊಟ್ಟಿದ್ದು. ನೀರು ಹಾಕವ್ಳೆ ಅಂದ್ರು. ನಾನು ನೀರು ಹಾಕಿರ್ಲಿಲ್ಲ. ನಂಗೆ ರೋಗ ಗೊತ್ತಾಗಿರ್ಲಿಲ್ಲ, ಅಷ್ಟೇ ನನ್ನ ತಪ್ಪು. ಯಾರಾದ್ರೂ ಒಬ್ರು, ಯಾಕಮ್ಮ ಹಿಂಗಾಯ್ತು ಅಂತ ಕೇಳಿದ್ದಿದ್ರೆ ನಾನು ಅವತ್ತೇ ಕೆಚ್ಚಲು ಮುಟ್ಟಿ ನೋಡ್ತಿದ್ದೆ. ಹಸು ಉಳೀತಿತ್ತು."

ನನ್ನ ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಿಡುವುದಕ್ಕೇನಿದೆ? ಅಲ್ಲಿಂದ ಅವರು ನಿಲ್ಲಲಿಲ್ಲ. ಹದಿನೈದು ನಿಮಿಷದ ಕಾರ್ಯಕ್ರಮ. ಶಬಾನಾ ಎದುರಿನ ನಿಮಿಷದ ಲೆಕ್ಕ ಸೊನ್ನೆಯಾಯಿತು. "ಮುಗಿಸಿ" ಅಂತ ಅಕ್ಷರ ಬಂತು. ಶಬಾನಾ ಆ ಡಿಸ್‌ಪ್ಲೇ ಮೇಲೆ ತನ್ನ ನೋಟ್‌ಬುಕ್ ಮುಚ್ಚಿಟ್ಟಳು. ನಲವತ್ತು ನಿಮಿಷ ನಡೆಯಿತು. ಟೇಕಲ್‌ನಿಂದ ಒಬ್ಬರು ತಮ್ಮ ಹಸುವಿನ ಕೆಚ್ಚಲಿನ ಫೋಟೋನೇ ಕಳಿಸಿದ್ದರು. ಗೋಪಾಲಪ್ಪ ಕೆಳಗಿನಿಂದ ಒಂದು ಸಲವೂ ಇನ್ನೂ ಎಷ್ಟೊತ್ತು ಅಂತ ಕೇಳಲಿಲ್ಲ. ಹಿಟ್ಟಿಗೆ ಬಂದವರೂ ಅಲ್ಲೇ ನಿಂತು ಕೇಳುತ್ತಿದ್ದರಂತೆ.

ಮರುದಿನ ನಾನು ಆ ಡೇರಿಯ ಸೆಕ್ರೆಟರಿಗೆ ಫೋನ್ ಮಾಡಿದೆ. ಬಲ್ಬಿನ ಮುಖ ನಿಮ್ಮ ಕಡೆ ತಿರುಗಿಸಿಕೊಳ್ಳಿ, ಬೇಕಿದ್ದರೆ ನಾನೇ ಬಂದು ಮಾಡಿಕೊಡುತ್ತೇನೆ ಅಂದೆ. ಅವರೂ ರೇಡಿಯೋ ಕೇಳಿದ್ದರು. "ಕಮಿಟಿ ಮುಂದೆ ಇಡ್ತೀನಿ ಮೇಡಂ," ಅಂದರು. ಕಮಿಟಿಗಳ ವಿಷಯ ನಿಮಗೂ ಗೊತ್ತು, ನನಗೂ ಗೊತ್ತು. ಇವತ್ತಿಗೂ ಬಲ್ಬು ಕ್ಯೂ ಕಡೆಗೇ ಇದೆ. ನಾನು ಬಿಡುವವಳಲ್ಲ, ಅದು ಬೇರೆ ಮಾತು.

ಗುರುವಾರ ಬೆಳಗ್ಗೆ ನಾರಾಯಣಮ್ಮನವರ ಫೋನು. ಹಿಂದೆ ಕರು ಕೂಗುತ್ತಿತ್ತು.

"ಮೇಡಂ, ಇವತ್ತು ಡೇರಿಗೆ ನಾನೇ ಹೋಗಿದ್ದೆ."

ಎರಡು ವರ್ಷದ ಮೇಲೆ ಹೋಗಿದ್ದಾರೆ, ಆ ದರಿದ್ರ ಬಲ್ಬು ಏನು ಮಾಡಿತೋ! "ಲೈಟೇನಾದ್ರೂ ಬಂತಾ ಅಮ್ಮ?" ಅಂದೆ.

"ನೋಡ್ಲಿಲ್ಲ ಮೇಡಂ," ಅಂದರು. "ಹಾಲು ನಂದು. ನಂಗೊತ್ತಿಲ್ವಾ?"